ಬಾಣಂತಿ ಓದಬಾರದ ಕಾದಂಬರಿ

ಆ ಕಾದಂಬರಿ ನನ್ನ ಕೈಗೆ ಹೇಗೆ ಬಂತು ಎಂಬುದಕ್ಕೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ, ಬಸುರಿಯಾಗಿದ್ದಾಗ ಸ್ಕ್ಯಾನಿಂಗ್ ಮುಗಿಸಿ ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಗಂಡ ಎಳನೀರು ತರಲು ಹೋದ ಹೊತ್ತಿನಲ್ಲಿ ಹಳೇ ಪುಸ್ತಕದ ತಳ್ಳುಗಾಡಿಯಿಂದ ನಾನೇ ಎತ್ತಿಕೊಂಡೆ. ಇನ್ನೊಂದರಲ್ಲಿ, ಕೆ.ಆರ್. ನಗರದ ನನ್ನ ಕಾಲೇಜು ಗೆಳತಿ ಸೀಮಂತಕ್ಕೆ ಬಂದವಳು ರವಿಕೆ ಕಣದ ಅಡಿಯಲ್ಲಿ ಮುಚ್ಚಿಟ್ಟು ಕೊಟ್ಟಳು. ಗೆಳತಿಯನ್ನು ಕೇಳಿದರೆ ತಾನು ಕೊಟ್ಟಿದ್ದು ಬೆಳ್ಳಿಯ ಕುಂಕುಮದ ಬಟ್ಟಲು ಎನ್ನುತ್ತಾಳೆ. ಗಂಡನನ್ನು ಕೇಳಿದರೆ ಆ ದಿನ ಎಳನೀರನ್ನೇ ಕುಡಿಯಲಿಲ್ಲ ಎನ್ನುತ್ತಾನೆ.

ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಕಥೆ ಚೆಂದವಾಗಿ ಶುರುವಾಗುತ್ತದೆ. ಅದೇ ನನ್ನ ತಕರಾರು. ನೆನಪು ಚೆಂದವಾಗಿ ಕೂತಾಗಲೆಲ್ಲ ಅದರ ಮೇಲೆ ನನಗೆ ಗುಮಾನಿ. ಪುಸ್ತಕವಂತೂ ಈಗ ನನ್ನ ಎದುರಿಗೇ ಇದೆ. ಹಿಂದಿನ ರಟ್ಟು ಇಲ್ಲ. ಕೆಳಗಿನ ಒಂದು ಮೂಲೆ ಸುಟ್ಟು ಕಪ್ಪಾಗಿದೆ. ಆ ಮೂಲೆ ಹೇಗೆ ಸುಟ್ಟಿತು ಎಂಬ ವಿಷಯದಲ್ಲಿ ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಹೆರಿಗೆಯಾದ ಮೇಲೆ ಕಂಪಲಾಪುರದ ತವರುಮನೆಗೆ ಬಂದೆ. ಹೊಗೆಸೊಪ್ಪು ಬೇಯಿಸುವ ಕಾಲ. ಅಪ್ಪ ಹೊಲದಲ್ಲಿ ಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿ ಬಿಟ್ಟು ಊಟಕ್ಕೂ ಮನೆಗೆ ಬರುತ್ತಿರಲಿಲ್ಲ. ಮನೆಯಲ್ಲಿ ಇದ್ದದ್ದು ಅವ್ವ, ನಾನು, ನನ್ನ ಕೂಸು. ಬೆಳಗ್ಗೆ ನಮ್ಮಿಬ್ಬರಿಗೂ ಎಣ್ಣೆ ತಿಕ್ಕಿ ನೀರು ಹಾಕಲು ಹಿಂದಿನ ಬೀದಿಯ ದೊಡ್ಡವ್ವ ಬರುತ್ತಿದ್ದಳು.

ನನ್ನನ್ನು ಇಟ್ಟಿದ್ದು ನಡುಮನೆಯ ಪಕ್ಕದ ಕೋಣೆಯಲ್ಲಿ. ಗಾಳಿ ಬರದ ಹಾಗೆ ಕಿಟಕಿಗೆ ಗೋಣಿಚೀಲ. ಮಂಚದ ಕೆಳಗೆ ಕೆಂಡದ ಬಾಂಡಲಿ. ತಲೆಗೆ ಸ್ಕಾರ್ಫು, ಅದರೊಳಗೆ ಎರಡೂ ಕಿವಿಗೆ ಗಿಡಿದ ಹತ್ತಿ. ಬಾಣಂತಿ ತಣ್ಣೀರು ಮುಟ್ಟಬಾರದು. ಜೋರಾಗಿ ನಗಬಾರದು. ಮೊಬೈಲು ನೋಡಬಾರದು. ಓದಬಾರದು, ಓದಿದರೆ ಕಣ್ಣಿನ ನರ ಸಡಿಲವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಹೆದರಬಾರದು. ಹೆದರಿದರೆ ಸನ್ನಿ ಹಿಡಿಯುತ್ತದೆ.

ಬಾಣಂತಿಯ ಬುದ್ಧಿ ಕೈತಪ್ಪಿ ಹೋಗುವುದನ್ನು ನಮ್ಮ ಕಡೆ ಸನ್ನಿ ಎನ್ನುತ್ತಾರೆ. ನಾನು ಲಂಗ ತೊಡುತ್ತಿದ್ದ ವಯಸ್ಸಿನಲ್ಲಿ ನಮ್ಮ ಬೀದಿಯ ಒಬ್ಬಳು ಹೆತ್ತ ಕೂಸಿನ ಮುಖ ನೋಡದೆ ಮನೆ ಬಿಟ್ಟು ಹೊರಟಿದ್ದಳು. ಅವಳನ್ನು ಹಿಂದಕ್ಕೆ ಕರೆತಂದವರಲ್ಲಿ ಅವ್ವನೂ ಒಬ್ಬಳು. ಅಂಥದ್ದನ್ನು ಕಣ್ಣಾರೆ ಕಂಡವಳ ಭಯವನ್ನು ಮೂಢನಂಬಿಕೆ ಎಂದು ಕರೆದು ಬುದ್ಧಿವಂತಳಾಗುವ ಆಸೆ ನನಗಿಲ್ಲ. ಆದರೆ ಹೆದರಬಾರದು ಎಂದು ಒಬ್ಬಳನ್ನು ಕತ್ತಲೆಯಲ್ಲಿ ಕಿವಿಮುಚ್ಚಿ ಕೂರಿಸಿದರೆ ಅವಳಿಗೆ ಹೆದರುವುದನ್ನು ಬಿಟ್ಟು ಬೇರೆ ಏನು ಕೆಲಸ ಉಳಿಯುತ್ತದೆ?

ನಾನು ಹೆದರಿದ್ದೆ. ಪುಸ್ತಕ ತೆರೆಯುವುದಕ್ಕೆ ಮೊದಲೇ ಹೆದರಿದ್ದೆ. ಕೂಸನ್ನು ಎತ್ತಿಕೊಂಡು ಹೊಸ್ತಿಲು ದಾಟುವಾಗ, ಬೇಕೆಂದೇ ಕೈಬಿಟ್ಟುಬಿಡುತ್ತೇನೆ ಎಂಬ ಚಿತ್ರವೊಂದು ಕಣ್ಣ ಮುಂದೆ ಬರುತ್ತಿತ್ತು. ಚಿತ್ರ ಅಷ್ಟೇ. ಕೈ ಇನ್ನೂ ಬಿಗಿಯಾಗುತ್ತಿತ್ತು. ಇದನ್ನು ಯಾರಿಗೆ ಹೇಳುವುದು? ಕೂಸು ಮಲಗಿದ್ದಾಗ ಅದರ ಪಕ್ಕದಲ್ಲಿ ನನ್ನ ಎರಡೂ ಕೈಗಳನ್ನು ತೊಡೆಯ ಅಡಿಗೆ ಹಾಕಿಕೊಂಡು ಕೂರುತ್ತಿದ್ದೆ. ಇಂಥವು ಅನೇಕ ಬಾಣಂತಿಯರಿಗೆ ಬರುತ್ತವೆ ಎಂದು ಮುಂದೆ ಪಿರಿಯಾಪಟ್ಟಣದಲ್ಲಿ ಒಬ್ಬ ಡಾಕ್ಟರಮ್ಮ ಸಮಾಧಾನವಾಗಿ ಹೇಳಿದಳು. ಆಗ ಅದು ಗೊತ್ತಿರಲಿಲ್ಲ. ಇಡೀ ಭೂಮಿಯ ಮೇಲೆ ಇಂಥ ತಾಯಿ ನಾನೊಬ್ಬಳೇ ಎಂದುಕೊಂಡಿದ್ದೆ.

ಗೋಣಿಚೀಲದಲ್ಲಿ ಒಂದು ಹರಕಿತ್ತು. ಮಧ್ಯಾಹ್ನ ಅದರಿಂದ ಬೆರಳಗಲದ ಬಿಸಿಲು ಮಂಚದ ಮೇಲೆ ಬಿದ್ದು ನಿಧಾನವಾಗಿ ಗೋಡೆಯ ಕಡೆಗೆ ಸರಿಯುತ್ತಿತ್ತು. ಕೂಸಿನ ಬಟ್ಟೆಗಳ ನಡುವೆ ಬಚ್ಚಿಟ್ಟಿದ್ದ ಕಾದಂಬರಿಯನ್ನು ಆ ಬೆಳಕಿಗೆ ಹಿಡಿದು, ಬೆಳಕು ಸರಿದಂತೆ ನಾನೂ ಸರಿಯುತ್ತ ಓದುತ್ತಿದ್ದೆ.

ಕಥೆ ಇಷ್ಟು. ಒಬ್ಬ ಹೆಂಗಸು ಗಂಡನ ಜೊತೆ ಬೇರೆ ಊರಿಗೆ ಬಂದು ಬಾಡಿಗೆ ಮನೆ ಹೂಡುತ್ತಾಳೆ. ಒಂದು ಬೆಳಗ್ಗೆ ಅವಳ ಬಾಚಣಿಗೆಯಲ್ಲಿ ಉದ್ದನೆಯ ಒದ್ದೆ ಕೂದಲು ಸಿಗುತ್ತದೆ. ಅವಳು ತಲೆಗೆ ನೀರು ಹಾಕಿಕೊಂಡಿರುವುದಿಲ್ಲ. ನಿನ್ನದೇ ಕೂದಲು, ಮರೆತಿದ್ದೀಯ ಎನ್ನುತ್ತಾನೆ ಗಂಡ. ಮರುದಿನವೂ ಸಿಗುತ್ತದೆ. ನೆರೆಯವರು, ಅವಳ ಸ್ವಂತ ತಂಗಿ, ಎಲ್ಲರೂ ನಿನ್ನದೇ ಎನ್ನುತ್ತಾರೆ. ಕೊನೆಗೆ ಅವಳು ಕನ್ನಡಿಯ ಮುಂದೆ ನಿಂತು ತನ್ನ ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಳ್ಳುತ್ತಾಳೆ. ಮರುದಿನ ಬೆಳಗ್ಗೆ ಬಾಚಣಿಗೆಯಲ್ಲಿ ಅದೇ ಉದ್ದನೆಯ ಒದ್ದೆ ಕೂದಲು. ಗಂಡ ಅದನ್ನು ಬೆರಳಿಗೆ ಸುತ್ತಿಕೊಂಡು ಬಹಳ ಪ್ರೀತಿಯಿಂದ ಹೇಳುತ್ತಾನೆ: ಹಳೆಯದು ಸಿಕ್ಕಿಕೊಂಡಿತ್ತು ಅಷ್ಟೇ.

ಆ 'ಬಹಳ ಪ್ರೀತಿಯಿಂದ' ಎಂಬಲ್ಲಿ ನನ್ನ ಬೆನ್ನು ತಣ್ಣಗಾಯಿತು. ಕೆಂಡದ ಮೇಲೆ ಕೂತಿದ್ದರೂ ತಣ್ಣಗಾಯಿತು.

ಹೆದರಿಸುವ ಪುಸ್ತಕ ಓದುವವರನ್ನು ಕಂಡರೆ ಗಂಭೀರ ಓದುಗರು ಸಣ್ಣಗೆ ನಗುತ್ತಾರೆ. ಹೊತ್ತು ಕಳೆಯಲು ಓದುವುದು, ಕಡಲೆಕಾಯಿ ತಿಂದ ಹಾಗೆ, ಎನ್ನುತ್ತಾರೆ. ನಗಲಿ. ತಾಯ್ತನವನ್ನು ಹಾಡಿ ಹೊಗಳುವ ಯಾವ ಪುಸ್ತಕವೂ ಆ ಕೋಣೆಯಲ್ಲಿ ನನ್ನ ಜೊತೆ ಒಂದು ಗಳಿಗೆ ಕೂರುತ್ತಿರಲಿಲ್ಲ. ಈ ಪುಸ್ತಕ ಕೂತಿತು. ಕೂದಲು ಯಾರದು ಎಂಬ ಕುತೂಹಲ ನನ್ನನ್ನು ಹಿಡಿದಿರಲಿಲ್ಲ. ಒಬ್ಬಳು ತಾನು ಕಂಡದ್ದನ್ನು ಕಂಡೆ ಎನ್ನುತ್ತಾಳೆ, ಮನೆಯೆಲ್ಲ ಇಲ್ಲ ಎನ್ನುತ್ತದೆ, ಅವಳು ಮತ್ತೆ ಬಾಚಣಿಗೆ ಎತ್ತಿ ನೋಡುತ್ತಾಳೆ. ಮತ್ತೆ ನೋಡುವ ಆ ಹಟ ನನ್ನನ್ನು ಹಿಡಿದಿತ್ತು. ನನ್ನ ಭಯಕ್ಕೆ ಮೊದಲೂ ಇರಲಿಲ್ಲ, ಕೊನೆಯೂ ಇರಲಿಲ್ಲ. ಅವಳ ಭಯಕ್ಕೆ ಪುಟಗಳಿದ್ದವು. ಬೇಕಾದಾಗ ಮುಚ್ಚಬಹುದಿತ್ತು, ಧೈರ್ಯ ಬಂದಾಗ ತೆರೆಯಬಹುದಿತ್ತು. ಓದಿ ಮುಚ್ಚಿದ ಮೇಲೆ ನನ್ನ ಕೈಗಳು ತೊಡೆಯ ಅಡಿಯಿಂದ ಹೊರಗೆ ಬರುತ್ತಿದ್ದವು. ಕೂಸನ್ನು ಎತ್ತಿಕೊಳ್ಳುತ್ತಿದ್ದೆ.

ಚಿಕ್ಕಂದಿನಿಂದಲೂ ನನಗೆ ತುಟಿ ಅಲ್ಲಾಡಿಸಿ ಓದುವ ಅಭ್ಯಾಸ. ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡಿದ್ದೆ. ಎರಡೂ ಕಿವಿಗೆ ಹತ್ತಿ ಗಿಡಿದವಳಿಗೆ ತನ್ನ ದನಿ ಎಷ್ಟು ಎತ್ತರ ಎಂದು ಗೊತ್ತಾಗುವುದಿಲ್ಲ ಎಂಬ ಸಣ್ಣ ಸಂಗತಿ ನನಗೆ ಹೊಳೆದಿರಲಿಲ್ಲ.

ಆ ಮಧ್ಯಾಹ್ನ ಬಾಗಿಲು ದಡಾರನೆ ತೆರೆದುಕೊಂಡಿತು. ಕೈಯೆಲ್ಲ ರಾಗಿಹಿಟ್ಟು ಮಾಡಿಕೊಂಡಿದ್ದ ಅವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ದೊಡ್ಡವ್ವ, ಕೈಯಲ್ಲಿ ಪೊರಕೆ. ಪುಸ್ತಕವನ್ನು ಚಾಪೆಯ ಅಡಿಗೆ ತಳ್ಳಿದೆ. ಅವ್ವನ ತುಟಿ ಅಲ್ಲಾಡಿತು. ನಾನು ಒಂದು ಕಿವಿಯ ಹತ್ತಿ ತೆಗೆದೆ.

"ಯಾರ್ ಜೊತೆಲೇ ಮಾತಾಡ್ತಿದ್ದೆ?"

"ಯಾರ್ ಜೊತೆನೂ ಇಲ್ಲ ಕಣವ್ವ."

ಅದು ನಿಜವಾದ ಉತ್ತರ. ಅದಕ್ಕಿಂತ ಕೆಟ್ಟ ಉತ್ತರ ಮತ್ತೊಂದಿರಲಿಲ್ಲ.

"ನನ್ ಕೂದ್ಲಲ್ಲ, ನನ್ ಕೂದ್ಲಲ್ಲ ಅಂತ ಬೀದಿಗೆ ಕೇಳಂಗೆ ಕೂಗ್ತಿದ್ಯಲ್ಲೇ. ಅವ್ಳನ್ನ ಒಳಗೆ ಬುಟ್ಟೋರ್ಯಾರು ಅಂತೀಯ. ಯಾರವ್ವ ಅವ್ಳು?"

"ಅಂಗ್ ಕೇಳ್ಬ್ಯಾಡ ಕಣವ್ವ," ಎಂದಳು ದೊಡ್ಡವ್ವ. "ಕೇಳುದ್ರೆ ಒಳಗಿರೋದು ಎದ್ ಕೂತ್ಕತದೆ."

ಅವ್ವ ಮಂಚದ ಮೇಲಿದ್ದ ಕೂಸನ್ನು ಎತ್ತಿಕೊಂಡಳು. ಹಿಟ್ಟಿನ ಕೈಯಲ್ಲೇ ಎತ್ತಿಕೊಂಡಳು. ನಾನು ಚಾಪೆಯ ಅಡಿಯಿಂದ ಪುಸ್ತಕ ತೆಗೆದು ಮುಂದೆ ಹಿಡಿದೆ.

"ಇದ್ನ ಓದ್ತಿದ್ದೆ ಕಣವ್ವ. ಕತೆ ಪುಸ್ತಕ. ಕೂದ್ಲು ಈ ಕತೇಲಿರೋದು."

ಅವ್ವ ಸಮಾಧಾನ ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಮುಖಪುಟ ನೋಡಿದಳು. ಅಲ್ಲಿ ಅರ್ಧ ತೆರೆದ ಬಾಗಿಲು, ಅದರ ಸಂದಿಯಲ್ಲಿ ಒಂದು ಕಣ್ಣು.

"ಬಾಣಂತಿ ಇದ್ನೋದ್ತಿದ್ಯಾ? ಇದ್ನಾ?"

"ಅದೇ ಮತ್ತೆ," ಎಂದಳು ದೊಡ್ಡವ್ವ. "ಅದ್ಕೆ ಬರಕ್ಕೆ ದಾರಿ ಬೇಕಿತ್ತು, ಸಿಕ್ತು."

ಪುಸ್ತಕವೂ ಹೋಯಿತು, ಕೂಸೂ ಹೋಯಿತು. ಹಾಲು ಕುಡಿಸಲು ಮಾತ್ರ ತಂದು ಕೊಟ್ಟು, ಕುಡಿದು ಮುಗಿಯುವವರೆಗೆ ಬಾಗಿಲಲ್ಲೇ ನಿಂತಿದ್ದು ಎತ್ತಿಕೊಂಡು ಹೋಗುತ್ತಿದ್ದರು. ನಾನು ಚೆನ್ನಾಗಿದ್ದೇನೆ ಎಂದೆ. ಸನ್ನಿ ಹಿಡಿದ ಎಲ್ಲರೂ ಹಾಗೇ ಹೇಳುತ್ತಾರಂತೆ. ಅತ್ತುಬಿಟ್ಟೆ. ಅಳುತ್ತಿದ್ದಾಳೆ ಎಂದರು. ಅಳು ನಿಲ್ಲಿಸಿದೆ. ನೋಡು, ಎಷ್ಟು ಬೇಗ ನಿಲ್ಲಿಸಿಬಿಟ್ಟಳು ಎಂದರು. ಕಾದಂಬರಿಯ ಹೆಂಗಸು ಬಾಚಣಿಗೆ ಹಿಡಿದು ನಿಂತಿದ್ದ ಜಾಗದಲ್ಲಿ ಈಗ ನಾನು ನಿಂತಿದ್ದೆ. ಹೀಗೆ ಹೋಲಿಸುವುದು ಬರೆಯಲು ಕೂತ ಈಗಿನ ನನ್ನ ಬುದ್ಧಿಯೇ ಇರಬಹುದು. ಆಗ ಗೊತ್ತಾಗಿದ್ದು ಒಂದೇ. ಎದೆ ಹಾಲಿನಿಂದ ಕಲ್ಲಾಗಿತ್ತು, ಕೂಸು ಗೋಡೆಯ ಆಚೆ ಅಳುತ್ತಿತ್ತು, ನಡುವೆ ಬಾಗಿಲು ಹಾಕಿತ್ತು.

ಅವ್ವ ಅತ್ತೆಗೆ ಫೋನ್ ಮಾಡಿದಳು. ಅತ್ತೆ ಎಂದರೆ ಗಂಡನ ತಾಯಿ; ಅಪ್ಪನ ಸ್ವಂತ ತಂಗಿ ಕೂಡ. ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಅವರದು ಬಳೆ, ಟೇಪು, ಪಿನ್ನಿನ ಅಂಗಡಿ. ಅಂಗಡಿಗೆ ಬೀಗ ಹಾಕಿ ಮರುದಿನವೇ ಬಸ್ಸು ಹತ್ತಿ ಬಂದರು. ಬಂದವರು ಮೊದಲು ನನ್ನ ಕಣ್ಣು ನೋಡಿದರು, ಆಮೇಲೆ ಪುಸ್ತಕ ನೋಡಿದರು.

"ಅಂತರಸಂತೆ ಕಡೆ ಒಬ್ರು ದಾರ ಕಟ್ತಾರೆ ಅತ್ಗೆ," ಎಂದರು ಅವ್ವನಿಗೆ. "ಎಂಥೆಂಥದೋ ಬುಟ್ಟೋಗದೆ. ಸೋಮಾರ ಕರ್ಕೊಂಡೋಗಾಣ. ಅಲ್ಲೀಗಂಟ ಕೂಸು ನಿನ್ ತಾವೇ ಇರ್ಲಿ. ಇದ್ನ ಮೊದ್ಲು ಒಲೆಗಾಕು."

"ಅತ್ತೆ, ನಂಗೇನೂ ಆಗಿಲ್ಲ. ಕೂಸ್ನ ಕೊಡಿ."

"ಕೊಡ್ತೀವಿ ಕಣವ್ವ. ನಾವೇನ್ ಮಾರ್ಕಂಡ್ಬುಡ್ತೀವಾ? ಇದು ಸುಟ್ಟೋಗ್ಲಿ, ದಾರ ಕಟ್ಟುಸ್ಲಿ, ಆಮೇಕೆ ನಿನ್ ಮಡ್ಲಿಗೇ ಹಾಕ್ತೀವಿ."

ಇಲ್ಲಿ ನಾನು ತಲೆ ಆಡಿಸಬಹುದಿತ್ತು. ದಾರ ಕಟ್ಟಿಸಿಕೊಂಡರೆ ಕೈಯೇನೂ ಸವೆಯುತ್ತಿರಲಿಲ್ಲ. ಪುಸ್ತಕ ಹೋದರೆ ಇನ್ನೊಂದು ಸಿಗುತ್ತಿತ್ತು. ಹಾಗೆ ಮಾಡು ಎಂದು ಗಂಡನೂ ಫೋನಿನಲ್ಲಿ ಹೇಳಿದ. ಬಹಳ ಪ್ರೀತಿಯಿಂದಲೇ ಹೇಳಿದ. ಆ ದನಿ ಕೇಳಿದ ಮೇಲೆ ನನಗೆ ಖಾತ್ರಿಯಾಯಿತು. ಒಪ್ಪಿದರೆ ಕೂಸು ನನ್ನ ಮಡಿಲಿಗೆ ಬರುತ್ತದೆ, ಆದರೆ ವಾಸಿಯಾದ ಹುಚ್ಚಿಯ ಮಡಿಲಿಗೆ ಬರುತ್ತದೆ. ನಾಳೆ ನಾನು ಜೋರಾಗಿ ಸಿಟ್ಟು ಮಾಡಿದರೆ, ಒಬ್ಬಳೇ ಕೂತರೆ, ಸಾರಿಗೆ ಉಪ್ಪು ಮರೆತರೆ, ಎಲ್ಲರೂ ಮೊದಲು ಕೂಸನ್ನು ಎತ್ತಿ ದೂರ ಇಡುತ್ತಾರೆ.

ಅವ್ವ ಪುಸ್ತಕ ಹಿಡಿದು ಬಚ್ಚಲಮನೆಗೆ ಹೋದಳು. ಅಲ್ಲಿ ಹಂಡೆಯ ಒಲೆ ಉರಿಯುತ್ತಿತ್ತು. ನಾನು ಮಂಚ ಇಳಿದೆ. ಸ್ಕಾರ್ಫು ಕಿತ್ತು, ಇದ್ದ ಹತ್ತಿಯನ್ನೂ ಕಿತ್ತು ಎಸೆದೆ. ಬರಿಗಾಲಲ್ಲಿ ನಡುಮನೆ ದಾಟಿದೆ. ಬಾಣಂತಿ ತಣ್ಣನೆ ನೆಲ ತುಳಿದಳು ಎಂದು ದೊಡ್ಡವ್ವ ಕೂಗಿದ್ದು ನೆನಪಿದೆ. ಪುಸ್ತಕದ ಮೂಲೆ ಹತ್ತಿಕೊಂಡಾಗಿತ್ತು. ಒಲೆಯ ಬಾಯಿಂದ ಎಳೆದು ಬಚ್ಚಲ ಕಲ್ಲಿನ ಮೇಲೆ ಬಡಿದೆ. ಆರಿತು.

"ಕೇಳವ್ವ," ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಿತು. "ಇದು ಬರಾಕ್ ಮುಂಚೇನೇ ನಂಗ್ ಭಯ ಇತ್ತು. ಕೂಸ್ನ ಎತ್ಕಂಡ್ರೆ ಕೈ ಬುಟ್ಬುಡ್ತೀನೇನೋ ಅಂತ ಭಯ. ಯಾರ್ಗೂ ಹೇಳ್ನಿಲ್ಲ. ಹೇಳುದ್ರೆ ನೀವು ಇವತ್ ಮಾಡ್ದಂಗೇ ಮಾಡ್ತಿದ್ರಿ. ಇದ್ನ ಓದ್ದಾಗ ಭಯ ಕಮ್ಮಿ ಆಯ್ತದೆ. ಯಾಕಂತ ಕೇಳ್ಬ್ಯಾಡ, ಆಯ್ತದೆ. ಇದ್ನ ಸುಡ್ಬ್ಯಾಡ. ದಾರ ಕಟ್ಟುಸ್ಕಳಲ್ಲ. ಕೂಸ್ನ ಕೊಡು."

ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಕೂಸು ಅವರ ತೋಳಿನಲ್ಲಿತ್ತು. ಒಲೆಯಲ್ಲಿ ತೆಂಗಿನ ಮಟ್ಟೆ ಸಿಡಿಯಿತು.

ಆಮೇಲೆ ಅವ್ವ ಒಲೆಯನ್ನೇ ನೋಡುತ್ತ, ಅದಕ್ಕೇ ಹೇಳುವವಳ ಹಾಗೆ ಹೇಳಿದಳು: "ನೀ ಉಟ್ದಾಗ ನಾನು ಬಾವಿ ತಾವ ಓಯ್ತಿರ್ನಿಲ್ಲ. ನಿನ್ನೆತ್ಕಂಡು ಒಂದಿನಾನೂ ಓಗ್ನಿಲ್ಲ. ಮನೆ ಸುತ್ತಾಕಂಡು ಬೀದಿ ಕಡಿಂದ ಓಯ್ತಿದ್ದೆ."

"ಯಾಕವ್ವ?"

"ಯಾಕಂದ್ರೆ? ನಿಂಗೊಬ್ಳಿಗೇನಾ ಕೈ ಇರೋದು?"

ಅತ್ತೆ ಕೂಸನ್ನು ನನ್ನ ಮಡಿಲಿಗೆ ಹಾಕಿದರು. ಅದು ಬಾಯಿ ಹಾಕಿ ಹಾಲು ಹಿಡಿಯಿತು. ಬಚ್ಚಲ ಹೊಸ್ತಿಲ ಮೇಲೆ ನಾನು, ಪಕ್ಕದಲ್ಲಿ ಸುಟ್ಟ ಪುಸ್ತಕ.

ಇಲ್ಲಿಂದ ಮುಂದಿನದನ್ನು ನಾನು ಬಹಳ ಸಲ, ಬಹಳ ಜನಕ್ಕೆ ಹೇಳಿದ್ದೇನೆ. ಹೇಳುವಾಗ ಅತ್ತೆ ಅಲ್ಲೇ ಕೂತು ಮುಂದಿನ ಅಧ್ಯಾಯ ಓದಿಸಿಕೊಳ್ಳುತ್ತಾರೆ, ಕಥೆಯ ಗುಂಗಿನಲ್ಲಿ ಹ್ಯಾಂಡ್‌ಪೋಸ್ಟಿನ ಬಸ್ಸು ತಪ್ಪಿಸಿಕೊಳ್ಳುತ್ತಾರೆ. ಕೇಳುವವರು ನಗುತ್ತಾರೆ. ಅದು ನಡೆದಿಲ್ಲ. ಅವರು ಬಸ್ಸು ತಪ್ಪಿಸಿಕೊಳ್ಳುವ ಹೆಂಗಸೇ ಅಲ್ಲ. ಹೊರಡುವಾಗ ಮುಖ ಗಂಟು ಹಾಕಿಕೊಂಡೇ ಹೋದರು. ನಡೆದದ್ದು ಇಷ್ಟು: ಒಂದು ವಾರ ಕಳೆದು ಅಂಗಡಿಯಿಂದ ಫೋನ್ ಮಾಡಿದರು. ಕೂಸಿನ ಹೊಕ್ಕುಳು, ಕೂಸಿನ ನಿದ್ದೆ, ನನ್ನ ಬೆನ್ನುನೋವು ಎಲ್ಲ ವಿಚಾರಿಸಿದ ಮೇಲೆ ಕೇಳಿದರು:

"ಆ ಕೂದ್ಲು ಯಾರ್ದಂತೆ?"

"ಬಂದ್ ಓದಿ ಅತ್ತೆ."

"ನಂಗೆಲ್ ಕಣ್ ಕಾಣ್ತದೆ? ಯೋಳೇ ಅಂದ್ರೆ."

ಹೇಳಲಿಲ್ಲ. ಈಗಲೂ ಹೇಳುವುದಿಲ್ಲ. ಅದರ ಕೊನೆ ನನಗೆ ಹಿಡಿಸಲಿಲ್ಲ. ಕೊನೆಯ ಪುಟಗಳಲ್ಲಿ ಒಬ್ಬ ಪೊಲೀಸಿನವನು ಬಂದು ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತಾನೆ, ಯಾವ ಗಂಟೂ ಉಳಿಯುವುದಿಲ್ಲ. ಆ ಹೆಂಗಸಿನ ಮಾತು ನಿಜವೆಂದು ಕೊನೆಗೂ ಒಬ್ಬ ಗಂಡಸು ರುಜು ಹಾಕಬೇಕಾಯಿತು. ಅವಳು ಬಾಚಣಿಗೆ ಹಿಡಿದು ನಿಂತ ಪುಟದಲ್ಲೇ ಆ ಪುಸ್ತಕ ನನ್ನ ಮಟ್ಟಿಗೆ ಮುಗಿದಿದೆ.

ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಕಳೆದ ಸಲ ತವರಿಗೆ ಹೋಗಿದ್ದಾಗ ಅವ್ವನನ್ನು ಬಾವಿಯ ಮಾತು ಕೇಳಿದೆ. ಈ ಬರಹಕ್ಕೆ ಅವಳ ಒಪ್ಪಿಗೆ ಬೇಕಿತ್ತು.

"ನಾನೆಲ್ ಅಂಗಂದೆ?" ಎಂದಳು. "ಬಾಣಂತೀಗೆ ಕಿವೀಲಿ ಹತ್ತಿ ಇತ್ತು. ಏನ್ ಕೇಳುಸ್ಕಂಡ್ಯೋ ಏನೋ."

"ಹತ್ತಿ ಕಿತ್ತಾಕಿದ್ದೆ ಕಣವ್ವ."

"ಎಲ್ ಕಿತ್ತಾಕಿದ್ದೆ? ರಾತ್ರಿ ನಾನೇ ತೆಗ್ದು ಬೇರೆ ಇಟ್ಟಿದ್ದು."

ದೊಡ್ಡವ್ವ ಈಗಿಲ್ಲ. ಅತ್ತೆ ನೆನಪಿಲ್ಲ ಎನ್ನುತ್ತಾರೆ. ಎಳನೀರಿನ ವಿಷಯದಲ್ಲಿ ಸೋತಿದ್ದೇನೆ, ಗೆಳತಿಯ ಉಡುಗೊರೆಯ ವಿಷಯದಲ್ಲಿ ಸೋತಿದ್ದೇನೆ, ಅತ್ತೆಯ ಬಸ್ಸನ್ನು ನಾನೇ ಅಳಿಸಿಹಾಕಿದ್ದೇನೆ. ನನ್ನ ನೆನಪಿನ ಮೇಲೆ ನನಗೆ ಅಂಥ ಗೌರವವೇನೂ ಇಲ್ಲ. ಆದರೂ ಇದೊಂದನ್ನು ಬಿಟ್ಟುಕೊಡುವುದಿಲ್ಲ. ಎಲ್ಲರೂ ಇಲ್ಲ ಎಂದ ಮಾತ್ರಕ್ಕೆ ಕೂದಲು ನನ್ನದಾಗುವುದಿಲ್ಲ.

ಹಿತ್ತಲಿನ ಆ ಬಾವಿಯನ್ನು ಬತ್ತಿದ ಮೇಲೆ ಮುಚ್ಚಿ ಮೇಲೊಂದು ಚಪ್ಪಡಿ ಎಳೆಸಿದ್ದಾರೆ. ಅದರ ಮೇಲೆ ಈಗ ಹಪ್ಪಳ ಒಣಗಿಸುತ್ತಾರೆ. ಆ ದಿನ ಸಂಜೆ ಅವ್ವ ಮೊಮ್ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಕೊಟ್ಟಿಗೆಗೆ ಹೊರಟಳು. ಹಿತ್ತಲ ಬಾಗಿಲಿಂದ ಕೊಟ್ಟಿಗೆ ಎದುರಿಗೇ ಕಾಣುತ್ತದೆ, ನಡುವೆ ಆ ಚಪ್ಪಡಿ. ಅವಳು ಮುಂಬಾಗಿಲಿಂದ ಹೊರಬಿದ್ದು, ಬೀದಿಯ ಕಡೆಯಿಂದ ಇಡೀ ಮನೆಯನ್ನು ಸುತ್ತಿಕೊಂಡು ಹೋದಳು.

ನಾನು ಸುಟ್ಟ ಮೂಲೆಯ ಪುಸ್ತಕ ಹಿಡಿದು ಹೋಗಿ ಆ ಚಪ್ಪಡಿಯ ಮೇಲೆ ಕೂತೆ. ಕೊಟ್ಟಿಗೆಯಲ್ಲಿದ್ದ ಮಗಳು ನನ್ನನ್ನು ಕಂಡು ಅಜ್ಜಿಯ ಸೊಂಟದಿಂದ ಜಾರಿ ಓಡಿಬಂದು ಮಡಿಲು ಹತ್ತಿದಳು.

"ಅಲ್ಯಾಕ್ ಕೂತ್ಕಂಡೆ? ಕೂಸ್ನ ಎತ್ಕಂಡು ಎದ್ ಬಾ ಈಚೆಗೆ," ಎಂದು ಅವ್ವ ಕೊಟ್ಟಿಗೆಯಿಂದ ಕೂಗಿದಳು.

"ಯಾಕವ್ವ?" ಎಂದೆ.

ಅವ್ವ ಅತ್ತ ತಿರುಗಿ ದನಕ್ಕೆ ಹುಲ್ಲು ಹಾಕತೊಡಗಿದಳು. ನಾನು ಮಗಳ ಸೊಂಟ ಬಳಸಿ ಹಿಡಿದು, ಬಾಚಣಿಗೆಯ ಪುಟ ತೆರೆದು, ಬೀದಿಗೆ ಕೇಳುವಷ್ಟು ಜೋರಾಗಿ ಓದತೊಡಗಿದೆ.